ಡೊಂಬಿವಲಿ ಲೋಕಲ್‌ನಲ್ಲಿ ಪರ್ಫೆಕ್ಟ್ ಡಾರ್ಕ್: ಹಳೇ ಫೋನಿನಲ್ಲೇ ಓಡಿಸಿದೆ

"ಎಮ್ಯುಲೇಟರ್ ಹಾಕಿಕೊಂಡು ಸುಮ್ಮನಿರು ಮಾರಾಯ, ಈ ಡಬ್ಬಾ ಫೋನಿನಲ್ಲಿ ಪೋರ್ಟ್ ಗೀರ್ಟ್ ಆಗುವುದಿಲ್ಲ" ಎಂದಿದ್ದರು ನಮ್ಮ ಮುಂಬೈ ಲೋಕಲ್ ಟ್ರೇನ್ ಗೆಳೆಯರು. ಎಮ್ಯುಲೇಟರ್ ಎಂದರೆ ಹಳೇ ಗೇಮ್ ಯಂತ್ರವನ್ನೇ ಅನುಕರಿಸುವ ಸಾಫ್ಟ್‌ವೇರ್; ಪೋರ್ಟ್ ಎಂದರೆ ಗೇಮನ್ನೇ ಬೇರೆ ಯಂತ್ರಕ್ಕೆ ಒಗ್ಗಿಸುವುದು. ಆದರೂ ಪೋರ್ಟ್ ಆಯಿತು.

ಪರ್ಫೆಕ್ಟ್ ಡಾರ್ಕ್ 2000ದಲ್ಲಿ ನಿಂಟೆಂಡೊ 64ಕ್ಕೆ ಬಂದ ಗೇಮ್. ಅಭಿಮಾನಿಗಳು ಡಿಕಂಪೈಲ್ ಮಾಡಿದ (ಗೇಮನ್ನೇ ಬಿಡಿಸಿ ಮತ್ತೆ ಬರೆದ) ಕೋಡ್, ಅದರ ಪಿಸಿ ಪೋರ್ಟ್ ಈಗಾಗಲೇ ಇವೆ. ಡೇಟಾ ನನ್ನದೇ ಕಾರ್ಟ್ರಿಜ್‌ನಿಂದ ತೆಗೆದದ್ದು. ಫೋನು ಲ್ಯಾಮಿಂಗ್ಟನ್ ರೋಡಿನ ಸೆಕೆಂಡ್ ಹ್ಯಾಂಡ್, ಮೂರೂವರೆ ಸಾವಿರದ ಹತ್ತಿರ. ಬ್ಯಾಟರಿ ಉಬ್ಬಿತ್ತು, ಅದಕ್ಕೆ ಇನ್ನೂ ಏಳುನೂರು. ಎಮ್ಯುಲೇಟರ್‌ನಲ್ಲಿ ಮೊದಲ ಲೆವೆಲ್ಲೇ ಸೆಕೆಂಡಿಗೆ 14-15 ಫ್ರೇಮ್ ದಾಟಲಿಲ್ಲ.

ಮೊದಲು 64 ಬಿಟ್ ಬಿಲ್ಡ್‌ಗೆ ಹೋಗಿ ಮೂರು ವಾರ ಕಳೆದೆ. ಮೂಲ ಕೋಡ್ ಪಾಯಿಂಟರ್ (ಮೆಮೊರಿಯ ವಿಳಾಸ) ಎಂದರೆ ನಾಲ್ಕು ಬೈಟ್ ಎಂದೇ ನಂಬಿದೆ. 64 ಬಿಟ್‌ನಲ್ಲಿ ಅದು ಎಂಟಾದರೆ ಡೇಟಾ ಜೋಡಿಸಿಟ್ಟ ಸ್ಟ್ರಕ್ಚರ್‌ಗಳೆಲ್ಲ ಜರುಗುತ್ತವೆ. ಒಂದು ಸರಿಮಾಡಿದರೆ ಇನ್ನೆರಡು ಕಡೆ ಕ್ರ್ಯಾಶ್. ಕೊನೆಗೆ 32 ಬಿಟ್‌ಗೇ ಮರಳಿದೆ. ಪಿಕ್ಸೆಲ್ 7ರಂಥ ಈಚಿನ ಫೋನುಗಳಲ್ಲಿ 32 ಬಿಟ್ ಆ್ಯಪ್ ಓಡುವುದೇ ಇಲ್ಲ. ಎಲ್ಲರೂ ಹಳಿದ ಫೋನೇ ಇಲ್ಲಿ ಕೈಹಿಡಿಯಿತು.

ಆಮೇಲೆ ಕಪ್ಪು ಪರದೆ. ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡುವ ಅದೇ ಕೋಡ್ ಫೋನಿನಲ್ಲಿ ಬಸ್ ಎರರ್ (ಮೆಮೊರಿ ಓದುವಾಗಿನ ದೋಷ) ಕೊಟ್ಟು ಸಾಯುತ್ತಿತ್ತು. ಹನ್ನೊಂದು ರಾತ್ರಿ ಹುಡುಕಿದೆ. ಡೇಟಾ ಫೈಲಿನ ತಲೆಗೆ ನಾನೇ 6 ಬೈಟಿನ ಗುರುತೊಂದನ್ನು ಸೇರಿಸಿದ್ದೆ. ಅಲ್ಲಿಂದ ಮುಂದೆ ಪ್ರತಿ ಫ್ಲೋಟ್ (ನಾಲ್ಕು ಬೈಟಿನ ದಶಮಾಂಶ ಸಂಖ್ಯೆ) ನಾಲ್ಕರ ಗುಣಕದಿಂದ ಎರಡು ಬೈಟ್ ಆಚೆ ಕೂತಿತ್ತು. ಇಂಟೆಲ್ ಅದನ್ನು ಸಹಿಸುತ್ತದೆ, ಫೋನಿನ ಆರ್ಮ್ ಚಿಪ್ 32 ಬಿಟ್‌ನಲ್ಲಿ ಸಹಿಸುವುದಿಲ್ಲ. 6 ಇದ್ದದ್ದನ್ನು 8 ಮಾಡಿದೆ. ಬೆಳಗಿನ ಜಾವ ಮೂರಕ್ಕೆ ಗೇಮಿನ ನಾಯಕಿ ಜೊವಾನಾ ಡಾರ್ಕ್ ಕಟ್ಟಡದ ತಾರಸಿಯ ಮೇಲೆ ನಿಂತಿದ್ದಳು; ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ನಡುವೆ ಜೈರೊದಿಂದ (ಫೋನು ತಿರುಗಿದ್ದನ್ನು ಅರಿಯುವ ಸೆನ್ಸರ್) ಗುರಿ ಹಿಡಿಯುವ ಪ್ರಯೋಗವನ್ನೂ ಮಾಡಿದೆ. ಮನೆಯಲ್ಲಿ ಬೆಣ್ಣೆಯಂತೆ ಬಂತು. ಆದರೆ ಮುಂಬ್ರಾ ಹತ್ತಿರ ಟ್ರೇನು ತಿರುವು ತೆಗೆದುಕೊಂಡರೆ ನನ್ನ ಕೈ ಅಲ್ಲಾಡದಿದ್ದರೂ ಜೊವಾನಾ ಗೋಡೆಯ ಕಡೆ ತಿರುಗುತ್ತಿದ್ದಳು. ಕೈಬಿಟ್ಟೆ. ಸಾವಿರದ ಎಂಟುನೂರರ ಬ್ಲೂಟೂತ್ ಕಂಟ್ರೋಲರ್ ತಂದೆ, ಆ ನೂಕುನುಗ್ಗಲಿನಲ್ಲಿ ಅದನ್ನು ಹಿಡಿಯಲು ಮೊಣಕೈಗೆ ಜಾಗವಿಲ್ಲ. ಈಗ ಬರೀ ಟಚ್. ಬಲ ಹೆಬ್ಬೆರಳು ಎಲ್ಲಿ ಇಟ್ಟರೆ ಅಲ್ಲೇ ಸ್ಟಿಕ್ ಹುಟ್ಟುತ್ತದೆ. ಬೆವರಿನ ಬೆರಳು ಜಾರಿದರೂ ಗುರಿ ಜಿಗಿಯದಂತೆ ಒಂದು ಲೆಕ್ಕ ಹಾಕಿದ್ದೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಏರೋಪ್ಲೇನ್ ಮೋಡ್‌ನಲ್ಲಿ 30 ಫ್ರೇಮ್. ಸ್ಫೋಟದ ಹೊಗೆಯಲ್ಲಿ 25-26. ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್‌ವರೆಗೆ ಬ್ಯಾಟರಿ ಹನ್ನೆರಡು ಪರ್ಸೆಂಟ್ ಇಳಿಯುತ್ತದೆ.

ಮೊದಲು ಬೇಡವೆಂದವರಲ್ಲೇ ಒಬ್ಬ ಗೆಳೆಯ ಮೊನ್ನೆ ಗೇಮ್ ತನಗೂ ಬೇಕೆಂದು ಕೇಳಿದ. 32 ಬಿಟ್ ಓಡುವ ಫೋನು ಬೇಕು ಎಂದೆ. ಮರುದಿನ ಅಮ್ಮನ ಹಳೇ ಫೋನನ್ನು ಚಾರ್ಜ್ ಮಾಡಿಕೊಂಡು ಬಂದಿದ್ದ.