ಕಿಕ್ಕಿನಿಂದ ಷಡ್ಜ ಹಿಡಿದ ಕಥೆ: ಚರಣ್‌ಜಿತ್ ಸಿಂಗ್ ಅವರ ಹತ್ತು ರಾಗಗಳು ಮತ್ತು ನನ್ನ ಅನುಭವ

ಚರಣ್‌ಜಿತ್ ಸಿಂಗ್ ಅವರ ‘ಸಿಂಥೆಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ರೆಕಾರ್ಡನ್ನು ಸಿಂಥಸೈಜರ್, ಡ್ರಮ್ ಯಂತ್ರಗಳೊಡನೆ ಒಡನಾಡುವವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. 1982ರಲ್ಲಿ ಎಚ್‌ಎಂವಿ ಹೊರತಂದಾಗ ಅದನ್ನು ಕೇಳುವವರಿರಲಿಲ್ಲ. 2010ರಲ್ಲಿ ಬಾಂಬೆ ಕನೆಕ್ಷನ್ ಎಂಬ ಡಚ್ ಸಂಸ್ಥೆ ಅದನ್ನು ಮರುಮುದ್ರಿಸಿದ ಮೇಲೆ, ಷಿಕಾಗೋದವರು 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ತರುವುದಕ್ಕೆ ಐದು ವರ್ಷ ಮೊದಲೇ ಮುಂಬೈಯ ಒಬ್ಬ ಸಿನಿಮಾ ವಾದ್ಯಗಾರರು ಆಸಿಡ್ ಹೌಸ್ ಎಂಬ ಯಂತ್ರಗಳ ಕುಣಿತದ ಸಂಗೀತವನ್ನು ಕಂಡುಹಿಡಿದಿದ್ದರು ಎಂಬ ಮಾತು ಎಲ್ಲೆಡೆ ಹಬ್ಬಿತು. ನನಗೆ ಆ ಮಾತಿನಲ್ಲಿ ಅಷ್ಟು ಆಸಕ್ತಿಯಿಲ್ಲ. ಯಾರೋ ಮೊದಲಿಗರು ಎಂಬ ಕಾರಣಕ್ಕೆ ಒಂದು ರೆಕಾರ್ಡನ್ನು ಒಮ್ಮೆ ಕೇಳಬಹುದೇ ಹೊರತು ವರ್ಷಗಟ್ಟಲೆ ಕೇಳಲಾಗುವುದಿಲ್ಲ. ಅದು ಇಂದಿಗೂ ಏಕೆ ಹಳಸಿಲ್ಲ ಎಂಬುದು ನನಗೆ ತಿಳಿದದ್ದು, ಆ ಹತ್ತೂ ರಾಗಗಳನ್ನು ಲ್ಯಾಪ್‌ಟಾಪ್ ಇಲ್ಲದೆ, ಅದೇ ಬಗೆಯ ಮೂರು ಯಂತ್ರಗಳ ಮೇಲೆ, ಜನರೆದುರು ಒಂದು ಗಂಟೆ ನುಡಿಸಿ ದಕ್ಕಿಸಿಕೊಂಡ ಮೇಲೆ.

ಇದು ಆಗದ ಕೆಲಸ ಎಂದವರು ಎರಡೂ ಕಡೆ ಇದ್ದರು. ಬೆಂಗಳೂರಿನ ಡಿಜೆ ಗೆಳೆಯರು ತೋಡಿಗೆ ಯಾರೂ ಕುಣಿಯುವುದಿಲ್ಲ ಎಂದರು. ಧಾರವಾಡದಲ್ಲಿ ನನಗೆ ಹಾರ್ಮೋನಿಯಂ ಕಲಿಸಿದ ಗುರುಗಳು, “ಉಸಿರಿಲ್ಲದ್ದಕ್ಕ ರಾಗ ಎಲ್ಲಿಂದ ಬರ್ತದೋ?” ಎಂದು ಕೇಳಿ ಸುಮ್ಮನಾದರು.

ಮೊದಲ ಸೋಲು ಲ್ಯಾಪ್‌ಟಾಪಿನದು. ಸಾಫ್ಟ್‌ವೇರಿನಲ್ಲಿ 303 ಎಂಬ ಬಾಸ್ ಯಂತ್ರ, 808 ಎಂಬ ಡ್ರಮ್ ಯಂತ್ರ ಎರಡರ ನಕಲೂ ಪುಕ್ಕಟೆಯಾಗಿಯೇ ಸಿಗುತ್ತವೆ. ಖರ್ಚಿಲ್ಲವೆಂದು ಅಲ್ಲಿಂದ ಆರಂಭಿಸಿದೆ. ಸ್ವರಗಳೆಲ್ಲ ಸರಿಯಾಗಿದ್ದವು, ತಾಳವೂ ಸರಿಯಾಗಿತ್ತು, ಆದರೂ ಫಲಿತಾಂಶ ಸರಳೆ ವರಸೆಗೆ ಡ್ರಮ್ ಹಾಕಿದಂತಿತ್ತು. ಪರದೆಯ ಮೇಲೆ ಎಷ್ಟು ಟ್ರ್ಯಾಕ್ ಬೇಕಾದರೂ ಸೇರಿಸಬಹುದಾದ್ದರಿಂದ ನಾನು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಸೇರಿಸಿದೆ, ಪ್ಯಾಡ್ (ಹಿನ್ನೆಲೆಯ ಉದ್ದನೆಯ ನಾದ) ಸೇರಿಸಿದೆ, ತಂಬೂರದ ಸ್ಯಾಂಪಲ್ ಸೇರಿಸಿದೆ. ಸೇರಿಸಿದಷ್ಟೂ ರಾಗ ದೂರ ಹೋಯಿತು. ಸಿಂಗ್ ಅವರ ಬಳಿ ಇದ್ದದ್ದು ರೋಲ್ಯಾಂಡ್ ಟಿಬಿ-303, ಟಿಆರ್-808 ಮತ್ತು ಜುಪಿಟರ್-8 ಸಿಂಥ್ ಮಾತ್ರ. ಇಂಥ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ವ್ಯವಸ್ಥೆ ಬಂದದ್ದು 1983ರಲ್ಲಿ. ಅದಕ್ಕೂ ಮುಂಚೆ 303 ಮತ್ತು 808 ಒಂದು ಸಿಂಕ್ ಕೇಬಲ್ಲಿನಿಂದ ಒಟ್ಟಿಗೆ ಓಡುತ್ತಿದ್ದವು, ಅದರ ಮೇಲೆ ಕೈ ಸ್ವತಂತ್ರವಾಗಿ ಜುಪಿಟರನ್ನು ನುಡಿಸಬೇಕಾಗಿತ್ತು. ಸುತ್ತುವ ಬಾಸ್, ಬದಲಾಗದ ತಾಳ, ಒಂದು ಕೈಯ ಮನೋಧರ್ಮ: ನಮ್ಮ ಕಛೇರಿಯ ಕಟ್ಟೂ ಇದೇ ಅಲ್ಲವೇ? ಆ ರೆಕಾರ್ಡಿನಲ್ಲಿ ಕಾರ್ಡುಗಳ ಸಾಲು ಇಲ್ಲದಿರುವುದನ್ನು ನಾನು ಅಲ್ಲಿಯವರೆಗೆ ಬಡತನ ಎಂದುಕೊಂಡಿದ್ದೆ.

ಹಣದ ವಿಷಯಕ್ಕೆ ಬರುತ್ತೇನೆ. ಅಸಲಿ 303 ಇಂದು ಲಕ್ಷಗಳ ಮಾತು. 1984ರಲ್ಲಿ ತಯಾರಿಕೆಯೇ ನಿಂತುಹೋದ, ಆಗ ಯಾರಿಗೂ ಬೇಡವಾಗಿದ್ದ ಪೆಟ್ಟಿಗೆ ಅದು. ನಾನು ಕೊಂಡದ್ದು ನಕಲು: ಬಾಸ್ ಯಂತ್ರಕ್ಕೆ ಸುಮಾರು 13,000, ಡ್ರಮ್ ಯಂತ್ರಕ್ಕೆ 30,000ದ ಆಸುಪಾಸು, ಸೆಕೆಂಡ್ ಹ್ಯಾಂಡ್ ಪಾಲಿಸಿಂಥಿಗೆ 60,000ಕ್ಕಿಂತ ತುಸು ಹೆಚ್ಚು. ಮಿಕ್ಸರು, ಕೇಬಲ್ಲು, ಅಡಾಪ್ಟರುಗಳೆಲ್ಲ ಸೇರಿ ಒಂದು ಲಕ್ಷ ದಾಟಿತು. ಇದಕ್ಕಾಗಿ ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ನನ್ನ ಅರೇಂಜರ್ ಕೀಬೋರ್ಡನ್ನು ಮಾರಿದೆ, ಅಂದರೆ ವರಮಾನದ ಮೂಲವನ್ನೇ ಮಾರಿದೆ; ಮನೆಯಲ್ಲಿ ಆ ವರ್ಷ ಏನೇನು ಮಾತು ಬಂದವು ಎಂಬುದನ್ನು ಬರೆಯುವುದಿಲ್ಲ. ಮೊದಲ ಕಾರ್ಯಕ್ರಮದ ಸಂಭಾವನೆ 8,000, ಅದರಲ್ಲಿ ವ್ಯಾನ್ ಬಾಡಿಗೆ ಕಳೆದರೆ ಉಳಿದದ್ದು ಊಟದ ಖರ್ಚು. ಸಭಾಂಗಣದಲ್ಲಿ ಅರ್ಥಿಂಗ್ ಸರಿಯಿಲ್ಲದೆ ಅಂದು ಗಂಟೆಪೂರ್ತಿ ಗುಂಯ್ ಎನ್ನುವ 50 ಹರ್ಟ್ಸ್ ಹಮ್ ಕೂಡ ಶ್ರುತಿಪೆಟ್ಟಿಗೆಯಂತೆ ನನ್ನ ಜೊತೆ ನುಡಿಯಿತು.

ಆ ಹಮ್ ಕೊಟ್ಟ ಸಂಕಟವೇ ಮುಂದೆ ಉಪಕಾರಕ್ಕೆ ಬಂತು. ನಾನು ಬಿಳಿ ನಾಲ್ಕನ್ನು (ಹಾರ್ಮೋನಿಯಂನ ನಾಲ್ಕನೆಯ ಬಿಳಿ ಮನೆ) ಷಡ್ಜವಾಗಿಟ್ಟುಕೊಂಡಿದ್ದೆ, ಏಕೆಂದರೆ ಅದಕ್ಕಿಂತ ಕೆಳಗಿನ ಮಂದ್ರ ಸ್ವರಗಳು ಸಣ್ಣ ಸಭಾಂಗಣಗಳ ಸಬ್‌ವೂಫರುಗಳಿಗೆ ಎಟುಕುವುದಿಲ್ಲ. ಭೂಪಾಲಿ, ಯಮನ್, ಕಲಾವತಿ ಹೇಗೋ ನಡೆದವು. ಮಾಲಕಂಸ ಮಾತ್ರ ಪ್ರತಿಸಲವೂ ಕೆಡುತ್ತಿತ್ತು. ಸ್ವರ ಪರೀಕ್ಷಿಸಿದೆ, ಟ್ಯೂನಿಂಗ್ ಪರೀಕ್ಷಿಸಿದೆ, ದೋಷ ಸಿಗಲಿಲ್ಲ. ಕೊನೆಗೆ ಬಾಸನ್ನೂ ಸಿಂಥನ್ನೂ ಮ್ಯೂಟ್ ಮಾಡಿ ಕಿಕ್ (ಡ್ರಮ್ ಯಂತ್ರದ ಮಂದ್ರ ಪೆಟ್ಟು) ಒಂದನ್ನೇ, ಅದರ ನಾದವನ್ನು ಉದ್ದ ಮಾಡುವ ಡಿಕೇ ಗುಂಡಿಯನ್ನು ಪೂರ್ತಿ ತೆರೆದು ಕೇಳಿದಾಗ ಕಾರಣ ಹೊಳೆಯಿತು. 808ರ ಕಿಕ್ ಬರಿಯ ಪೆಟ್ಟಲ್ಲ. ಬಾಲ ಉದ್ದ ಬಿಟ್ಟರೆ ಅದು 50 ಹರ್ಟ್ಸಿನ ಆಸುಪಾಸಿನಲ್ಲಿ ನುಡಿಯುವ ಒಂದು ಸ್ವರ, ಹೆಚ್ಚುಕಡಿಮೆ ಆ ಹಮ್ಮಿನದೇ ಸ್ವರ, ನಮ್ಮ ಲೆಕ್ಕದಲ್ಲಿ ಬಹುತೇಕ ಬಿಳಿ ಐದು. ನನ್ನ ಷಡ್ಜ ಬಿಳಿ ನಾಲ್ಕಾದ್ದರಿಂದ ಪ್ರತಿ ಬಾರ್‌ನಲ್ಲಿ (ನಾಲ್ಕು ಪೆಟ್ಟಿನ ಸುತ್ತು) ನಾಲ್ಕು ಸಲ ಶುದ್ಧ ರಿಷಭ ಮೊಳಗುತ್ತಿತ್ತು, ಅದೂ ರಿಷಭವೂ ಪಂಚಮವೂ ವರ್ಜ್ಯವಾದ ಮಾಲಕಂಸದಲ್ಲಿ! ಅಂದಿನಿಂದ ಹಾಡುಗಾರರಿಗೆ ತಕ್ಕಂತೆ ಶ್ರುತಿ ಇಡುವ ಬದಲು ಕಿಕ್ಕಿಗೆ ತಕ್ಕಂತೆ ಇಟ್ಟೆ. ಹತ್ತೂ ರಾಗಗಳಿಗೆ ಬಿಳಿ ಐದೇ ಷಡ್ಜ. ತಂಬೂರದ ಸ್ಯಾಂಪಲ್ ಬೇಡವೇ ಬೇಡವಾಯಿತು. ಈ ಒಂದು ಬದಲಾವಣೆಯಷ್ಟು ಫಲ ನಾನು ಕೊಂಡ ಯಾವ ಸಾಮಾನಿನಿಂದಲೂ ಬರಲಿಲ್ಲ.

ಇನ್ನು 303. ಇದರ ಸ್ಲೈಡನ್ನು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು, ಎಲ್ಲರೂ ಗಾಯನದ ಮೀಂಡ್ ಎಂದು ಹೊಗಳುತ್ತಾರೆ, ಅದು ಅರ್ಧ ಸತ್ಯ. ಅಂತರ ಎಷ್ಟೇ ಇರಲಿ, ಸ್ಲೈಡಿಗೆ ಹಿಡಿಯುವ ಕಾಲ ಸುಮಾರು 60 ಮಿಲಿಸೆಕೆಂಡು ಮಾತ್ರ. ಗಾಯಕರ ಮೀಂಡ್ ಅದರಲ್ಲಿ ಹಿಡಿಸುವುದಿಲ್ಲ. ಮೈಸೂರಿನಲ್ಲಿ ವೀಣೆ ನುಡಿಸುವ ನನ್ನ ಚಿಕ್ಕಮ್ಮನಿಗಾಗಿ ಬೈರಾಗಿಯನ್ನು ರೇವತಿಯಾಗಿ ತಿರುಗಿಸಿ, ರಿಷಭಕ್ಕೆ ಗಮಕ ಕೂಡಿಸಲು ಹೋಗಿ ಎರಡು ವಾರ ಕಳೆದೆ. ಅವರು ಕೇಳಿ, ರಿಷಭಕ್ಕೆ ಬಿಕ್ಕಳಿಕೆ ಬಂದಿದೆ ಎಂದರು. ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ. ಸ್ಲೈಡನ್ನು ಒಂಟಿಯಾಗಿ ಹಾಕದೆ, ಇಳಿಯುವ ಮೂರು ನಾಲ್ಕು ಸ್ವರಗಳಿಗೆ ಸಾಲಾಗಿ ಹಾಕಿದರೆ ಮಾತ್ರ ಎಳೆ ಕಡಿಯದೆ ಹರಿಯುತ್ತದೆ.

ನಿಜವಾದ ಶಕ್ತಿ ಇರುವುದು ಆಕ್ಸೆಂಟಿನಲ್ಲಿ, ಅಂದರೆ ಆಯ್ದ ಸ್ವರಕ್ಕೆ ಕೊಡುವ ಒತ್ತಿನಲ್ಲಿ. ಅದು ಧ್ವನಿಯನ್ನು ಏರಿಸುವುದರೊಂದಿಗೆ ಫಿಲ್ಟರನ್ನೂ ತೆರೆಯುತ್ತದೆ, ಬೆನ್ನುಬೆನ್ನಿಗೆ ಹಾಕಿದರೆ ಒಂದರ ಮೇಲೊಂದು ಏರುತ್ತ ಹೋಗುತ್ತದೆ. ನಾನು ಆಕ್ಸೆಂಟನ್ನು ತಾಳಕ್ಕೆ ಕೊಡುವುದನ್ನು ನಿಲ್ಲಿಸಿ ರಾಗದ ಮುಖ್ಯ ಸ್ವರವಾದ ವಾದಿಗೆ ಕೊಟ್ಟೆ: ಭೂಪಾಲಿಯಲ್ಲೂ ಯಮನ್‌ನಲ್ಲೂ ಗಾಂಧಾರಕ್ಕೆ, ಮಾಲಕಂಸದಲ್ಲಿ ಮಧ್ಯಮಕ್ಕೆ. ಯಂತ್ರದಲ್ಲಿ ಸುತ್ತುವ ಯಮನ್ ಪ್ಯಾಟರ್ನ್ ಷಡ್ಜದಿಂದ ಹೊರಡದೆ ಮಂದ್ರ ನಿಷಾದದಿಂದ ಹೊರಡುತ್ತದೆ, ನಿ ರಿ ಗ ಎಂದು. ಷಡ್ಜ ಹೇಗೂ ಕಿಕ್ಕಿನಲ್ಲಿದೆ. ಲಲಿತ್‌ನಲ್ಲಿ ಪಂಚಮವಿಲ್ಲದ್ದರಿಂದ ಎರಡು ಮಧ್ಯಮಗಳನ್ನು ಪ್ಯಾಟರ್ನಿನ ಅಕ್ಕಪಕ್ಕದ ಸ್ಟೆಪ್‌ಗಳಲ್ಲಿ, ಅಂದರೆ ಮನೆಗಳಲ್ಲಿ, ಇಟ್ಟು, ಶುದ್ಧ ಮಧ್ಯಮಕ್ಕೆ ಮಾತ್ರ ಆಕ್ಸೆಂಟ್ ಕೊಟ್ಟಿದ್ದೇನೆ.

ಗುರುಗಳ ಮನಸ್ಸು ತಿರುಗಿದ್ದೂ ಇದರಿಂದಲೇ. ಅವರ ಮನೆಯ ಪಡಸಾಲೆಯಲ್ಲಿ ಯಂತ್ರವಿಟ್ಟು ಭೂಪಾಲಿ ಓಡಿಸಿದೆ. ಅವರು ಪೇಪರ್ ಓದುತ್ತಿದ್ದರು. ಒಂದೇ ಒಂದು ಸ್ವರವನ್ನೂ ಬದಲಿಸದೆ ಆಕ್ಸೆಂಟನ್ನು ಗಾಂಧಾರದಿಂದ ತೆಗೆದು ತಾರ ಷಡ್ಜದ ಬಳಿಯ ಧೈವತಕ್ಕೆ ಹಾಕಿದೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ಪೇಪರ್ ಕೆಳಗಿಳಿಸಿ, “ಈಗ ದೇಸ್ಕಾರ ಆತಲ್ಲೋ” ಎಂದರು. ಸ್ವರಗಳು ಅವೇ ಐದು, ರಾಗ ಬೇರೆ. ಅದನ್ನು ಯಂತ್ರ ಹೇಳಿದ್ದು ಅವರಿಗೆ ಕೇಳಿಸಿತ್ತು. ಆಮೇಲೆ ಅವರೇ ಕೂತು ಮಧುವಂತಿಯ ಪ್ಯಾಟರ್ನನ್ನು ತಿದ್ದಿಸಿದರು, ನಾಲ್ಕು ಸ್ವರ ಕಡಿಮೆ ಮಾಡಿಸಿದರು. ಹದಿನಾರು ಸ್ಟೆಪ್ಪಿನಲ್ಲಿ ಖಾಲಿ ಬಿಟ್ಟ ಜಾಗ ಹೆಚ್ಚಿದಷ್ಟೂ ಬಲಗೈಗೆ ಅವಕಾಶ ಹೆಚ್ಚು ಎಂಬುದು ಅವರ ತೀರ್ಪು, ಸಿಂಗ್ ಅವರ ರೆಕಾರ್ಡನ್ನು ಅವರು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಕುಣಿಯುವವರ ವಿಷಯದಲ್ಲಿ ನಾನು ತಬಲಾದ ಮೊರೆಹೊಕ್ಕೆ. ಒಂದು ಬಾರನ್ನು ಒಂದು ಮಾತ್ರೆಯಾಗಿ ಎಣಿಸಿ ಹದಿನಾರು ಬಾರುಗಳ ತೀನ್‌ತಾಲ ಕಟ್ಟಿದರೆ, ನಿಮಿಷಕ್ಕೆ 124ರ ಲಯದಲ್ಲಿ ಒಂದು ಆವರ್ತ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ಖಾಲಿಯಲ್ಲಿ (ತಾಳದ ಒತ್ತಿಲ್ಲದ ಭಾಗ) ಕಿಕ್ ತೆಗೆಯಬೇಕು ಎಂಬುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಪುಸ್ತಕದಂತೆ 9ರಿಂದ 12ರವರೆಗೆ ತೆಗೆದರೆ ಅದು ಸಪ್ಪೆ. ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ ಎಂಬ ಠೇಕಾದಲ್ಲಿ ಬಾಯಾ (ತಬಲಾ ಜೋಡಿಯ ಮಂದ್ರ ಡಗ್ಗ) ಮೌನವಾಗುವುದು 10ರಿಂದ 13ರವರೆಗೆ, 14ನೆಯ ಧಿನ್‌ಗೆ ಅದು ಮರಳುತ್ತದೆ. ಕಿಕ್ಕನ್ನೂ ಹಾಗೆಯೇ 14ಕ್ಕೆ ತಂದಾಗ, ಡಿಜೆ ಗೆಳೆಯರು ಡ್ರಾಪ್ (ತಡೆದ ಕಿಕ್ ಮರಳುವ ಗಳಿಗೆ) ಎಂದು ಕೂಗಿದರು, ಹಿಂದೆ ಕೂತಿದ್ದ ಹಿರಿಯರು ಆವರ್ತದ ಮೊದಲ ಮಾತ್ರೆಯಾದ ಸಮ್ ಬರುವುದನ್ನು ಬೆರಳಲ್ಲಿ ಎಣಿಸುತ್ತಿದ್ದರು. ತೋಡಿಗೂ ಕುಣಿದರು, ಹೇಳಿಬಿಡುತ್ತೇನೆ. ಈಚಿನ ಸಂಭಾವನೆ 40,000ದ ಸುತ್ತಮುತ್ತ. ಯಂತ್ರಗಳ ಸಾಲ ತೀರಿದೆ.

ರಾಗಗಳನ್ನು ಅವುಗಳ ಹೊತ್ತಿಗೆ ನುಡಿಸುತ್ತಿಲ್ಲ ಎಂದು ಆಕ್ಷೇಪಿಸುವವರಿಗೆ ಒಂದು ಮಾತು. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಮುಂಜಾನೆಯ ಲಲಿತ್ ನಮ್ಮಲ್ಲಿ ಸಂಜೆ ಏಳಕ್ಕೇ ಬರುತ್ತದೆ. ಸಿಂಗ್ ಅವರೂ ಲಲಿತ್, ಯಮನ್, ಮಾಲಕಂಸ ಮೂರನ್ನೂ ಒಂದೇ ಎಲ್‌ಪಿಯಲ್ಲಿ, ಒಂದೊಂದಕ್ಕೆ ಸುಮಾರು ಐದು ನಿಮಿಷ ಕೊಟ್ಟು ಮುಗಿಸಿದ್ದರು.

ತೋಡಿಯ ಕೋಮಲ ಗಾಂಧಾರವನ್ನು ಕೀಬೋರ್ಡಿನ ಶ್ರುತಿಗಿಂತ ಕೆಳಗೆ, ಅದೂ ಅದೊಂದನ್ನೇ, ಹೇಗೆ ಇಳಿಸಿದೆ ಎಂದು ಕಾರ್ಯಕ್ರಮ ಮುಗಿದ ಮೇಲೆ ಬಂದು ಕೇಳುವವರಿದ್ದಾರೆ. ಪಿಚ್ ಬೆಂಡ್ ಅಲ್ಲ, ಮೈಕ್ರೊಟ್ಯೂನಿಂಗ್ ಫೈಲೂ ಅಲ್ಲ. ಎರಡು ಆಸಿಲೇಟರ್ (ನಾದ ಹುಟ್ಟಿಸುವ ಸರ್ಕಿಟ್) ಇರುವ ಯಾವ ಹಳೆಯ ಸಿಂಥಾದರೂ ಸಾಕು ಎಂಬಷ್ಟನ್ನು ಮಾತ್ರ ಹೇಳುತ್ತೇನೆ, ಉಳಿದದ್ದಕ್ಕೆ ನನಗೆ ಒಂದು ಮಳೆಗಾಲ ಹಿಡಿದಿದೆ.