ಹೆಡ್ ಇಳಿಸದೆ ಸಿಕ್ಕ ಸೋರಿಕೆ

ಮನೆಯ ಬಳಕೆಗೆಂದು ನಾನು ಕೊಂಡ 2015ರ ಮಾಡೆಲ್‌ನ ಡೀಸೆಲ್ ಕಾರು ಮಂಡ್ಯಕ್ಕೆ ಬಂದ ಮೊದಲ ವಾರದಿಂದಲೇ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ನೀರು, ಕುಡಿಯತೊಡಗಿತು. ನೆಲದ ಮೇಲೆ ಒಂದು ಹನಿಯಿಲ್ಲ, ಆಯಿಲ್‌ನಲ್ಲಿ ನೀರಿಲ್ಲ, ಒಳಗಿನ ಮ್ಯಾಟ್ ಒಣಗಿಯೇ ಇತ್ತು. ಆದರೂ 400 ಕಿಲೋಮೀಟರಿಗೆ ಹೆಚ್ಚುಕಡಿಮೆ ಕಾಲು ಲೀಟರ್ ಕಾಣೆಯಾಗುತ್ತಿತ್ತು. ಹದಿನೆಂಟು ವರ್ಷದಿಂದ ಗ್ಯಾರೇಜು ನಡೆಸುವವನ ಸ್ವಂತ ಕಾರೇ ಹೀಗಾದರೆ ಊರಿನ ಮೆಕ್ಯಾನಿಕ್‌ಗಳು ಎಷ್ಟು ನಕ್ಕಿರಬಹುದೆಂಬುದನ್ನು ನೀವೇ ಊಹಿಸಿಕೊಳ್ಳಿ.

ಮೊದಲ ತಪ್ಪು ನನ್ನದೇ. ವಾಟರ್ ಪಂಪಿನ ಸುತ್ತ ಬಿಳಿಯ ಪೊರೆ ಕಂಡೊಡನೆ ಸೋರಿಕೆ ಅಲ್ಲೇ ಎಂದು ತೀರ್ಮಾನಿಸಿ, ಕೂಲೆಂಟ್ ತುಂಬುವ ಬಾಯಿಯ ಕ್ಯಾಪ್ ಸಹಿತ ಪಂಪನ್ನು ಬದಲಿಸಿ ಸುಮಾರು 4,000 ರೂಪಾಯಿ ಕಳೆದೆ. ಆ ಪೊರೆ ಹಿಂದಿನ ಮಾಲೀಕರು ಸುರಿದ ಬೋರ್‌ವೆಲ್ ನೀರಿನ ಹಳೆಯ ಸುಣ್ಣವೆಂದು ಆಮೇಲೆ ತಿಳಿಯಿತು. ನೀರಿನ ಡಬ್ಬಿಯ ತಳದಲ್ಲಿ, ಸಣ್ಣ ಸೋರಿಕೆ ಮುಚ್ಚಲೆಂದು ಕೆಲವರು ಹಾಕುವ ಅರಿಶಿನದ ಗಸಿಯೂ ಇತ್ತು, ಅಂದರೆ ಸೋರಿಕೆ ಅವರಿಗೂ ಗೊತ್ತಿತ್ತು! ಅದನ್ನು ತೊಳೆದು ತೆಗೆಯಲು ಒಂದು ಭಾನುವಾರವೇ ಹಿಡಿಯಿತು. ಬಣ್ಣದ ಡೈ ಹಾಕಿ ನೀಲಿ ಟಾರ್ಚ್ ಹಿಡಿದು ಹುಡುಕಿದ್ದಕ್ಕೆ ಇನ್ನೊಂದು 600 ಹೋಯಿತು. ಹೊರಗೆಲ್ಲೂ ಏನೂ ಹೊಳೆಯಲಿಲ್ಲ.

ಆಮೇಲೆ ಕೂಲೆಂಟಿಗೆ ಎಂಜಿನ್ನಿನ ಹೊಗೆ ಸೇರುತ್ತಿದೆಯೇ ಎಂದು ತೋರಿಸುವ ಬ್ಲಾಕ್ ಟೆಸ್ಟ್ ಮಾಡಿದಾಗ ನೀಲಿ ದ್ರವ ಹಸಿರಿಗೆ ತಿರುಗಿತು, ಅಂದರೆ ಸೇರುತ್ತಿತ್ತು. ಮೈಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು, "ಹೆಡ್ ಇಳ್ಸಪ್ಪಾ, ಸುಮ್ನೆ ನೀರ್ ಅಳೀತಾ ಯಾಕ್ ಕೂತಿದ್ದೀಯ?" ಎಂದರು. ಹೆಡ್ ಎಂದರೆ ಎಂಜಿನ್ನಿನ ಮೇಲ್ಭಾಗದ ಮುಚ್ಚಳ; ಅದರಡಿಯ ಗ್ಯಾಸ್ಕೆಟ್ ಹೋದರೆ ಹೊಗೆ ನೀರಿಗೆ ಸೇರುತ್ತದೆ. ಗ್ಯಾಸ್ಕೆಟ್, ಲೇತ್ ಕೆಲಸ, ಬೋಲ್ಟು ಎಲ್ಲ ಸೇರಿ 25,000 ದಾಟುವ ಕೆಲಸವದು. ನನ್ನ ಮನಸ್ಸು ಒಪ್ಪಲಿಲ್ಲ. ಗ್ಯಾಸ್ಕೆಟ್ ಹೋದ ಗಾಡಿಗಳಲ್ಲಿ ನಾನು ಕಂಡಂತೆ ಒಂದೆರಡು ನಿಮಿಷದಲ್ಲೇ ಬಣ್ಣ ತಿರುಗುತ್ತದೆ. ಇಲ್ಲಿ ರೇಸ್ ಕೊಡುತ್ತಾ ಕಾಲು ಗಂಟೆ ಕಾಯಬೇಕಾಯಿತು. ಗ್ಲೋ ಪ್ಲಗ್ ಬಿಚ್ಚಿ ಕ್ಯಾಮೆರಾ ಇಳಿಸಿ ನೋಡಿದರೆ ನಾಲ್ಕು ಪಿಸ್ಟನ್‌ಗಳೂ ಒಣಗಿದ್ದವು. ಹೊಗೆ ನೀರಿಗೆ ಸೇರಲು ಡೀಸೆಲ್ ಗಾಡಿಯಲ್ಲಿ ಹೆಡ್ ಒಂದೇ ದಾರಿಯಲ್ಲ, ಮಾಲಿನ್ಯ ತಗ್ಗಿಸಲು ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಇ.ಜಿ.ಆರ್. ಕೂಲರ್ ಕೂಡ ಇದೆ ಎಂಬುದು ನನಗೆ ಹೊಳೆದದ್ದು ಆಗ. ಟೆಸ್ಟ್ ಮಾಡುವಾಗ ಕ್ಯಾಪ್ ತೆರೆದಿರುವುದರಿಂದ ನೀರಿಗೆ ಒತ್ತಡವಿಲ್ಲ, ಹೊಗೆಯೇ ನೀರಿಗೆ ನುಗ್ಗುತ್ತದೆ. ಕ್ಯಾಪ್ ಮುಚ್ಚಿ ಗಾಡಿ ಬಿಸಿಯಾಗಿ ಓಡುವಾಗ ನೀರಿನ ಒತ್ತಡವೇ ಹೆಚ್ಚಾಗಿ, ನೀರು ಹೊಗೆಯ ಕಡೆಗೆ ಜಿನುಗಿ ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ.

ಕೂಲೆಂಟಿನ ದಾರಿಗೆ ಒತ್ತಡ ಕೊಟ್ಟು ಅದು ಇಳಿಯುತ್ತದೆಯೇ ಎಂದು ನೋಡುವ ಪ್ರೆಷರ್ ಟೆಸ್ಟನ್ನು ಎಲ್ಲರೂ ಹತ್ತು ನಿಮಿಷ ಮಾಡುತ್ತಾರೆ; ನಾನೂ ಅಷ್ಟೇ ಮಾಡಿ ಮೋಸಹೋಗಿದ್ದೆ. ಈ ಸಲ ತಣ್ಣಗಿನ ಎಂಜಿನ್ನಿಗೆ 15 ಪಿ.ಎಸ್.ಐ. ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮುಳ್ಳು 9ರ ಆಸುಪಾಸಿನಲ್ಲಿತ್ತು. ರಾತ್ರಿಯ ಚಳಿಗೇ ಒತ್ತಡ ಇಳಿದಿರಬಹುದೇ ಎಂಬ ಅನುಮಾನದಿಂದ ಗಿರಾಕಿಯೊಬ್ಬರ ಒಳ್ಳೆಯ ಗಾಡಿಗೂ, ಅವರ ಒಪ್ಪಿಗೆ ಪಡೆದು, ಅದೇ ಪರೀಕ್ಷೆ ಮಾಡಿದೆ. ಅಲ್ಲಿ ಇಳಿದದ್ದು ಒಂದು ಪಿ.ಎಸ್.ಐ. ಮಾತ್ರ. ಆಮೇಲೆ ನನ್ನ ಗಾಡಿಯ ಹೀಟರ್ ಹೋಸ್‌ಗಳನ್ನು ಒಂದಕ್ಕೊಂದು ಸೇರಿಸಿ ಹೀಟರಿಗೆ ನೀರು ಹೋಗದಂತೆ ಮಾಡಿದೆ, ಫಲವಿಲ್ಲ. ಕೂಲರಿನ ಎರಡು ಹೋಸ್‌ಗಳನ್ನು ಸೇರಿಸಿದ ರಾತ್ರಿ ಮುಳ್ಳು 14ರಲ್ಲೇ ನಿಂತಿತ್ತು. ಇ.ಜಿ.ಆರ್. ವಾಲ್ವಿನ ವೈರಿನ ಪ್ಲಗ್ ಕಿತ್ತು, ಹೊಗೆಯ ದಾರಿಗೆ ತಾತ್ಕಾಲಿಕ ತಗಡು ಕೊಟ್ಟು ಮತ್ತೆ ಬ್ಲಾಕ್ ಟೆಸ್ಟ್ ಮಾಡಿದರೆ ಅರ್ಧ ಗಂಟೆಯಾದರೂ ದ್ರವ ನೀಲಿಯಾಗಿಯೇ ಉಳಿಯಿತು. ತಗಡು ಪರೀಕ್ಷೆಗೆ ಮಾತ್ರ. ಅದನ್ನೇ ಖಾಯಂ ಮಾಡುವವರ ಜೊತೆ ನನಗೆ ಜಗಳವಿದೆ. ಅಳತೆ ಬೇರೆಬೇರೆಯಾದ ಕೂಲರಿನ ಆ ಎರಡು ಹೋಸ್‌ಗಳನ್ನು ಯಾವ ತುಂಡಿನಿಂದ ಸೇರಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೂಲರನ್ನು ಬಿಚ್ಚಿ ಪಂಚರ್ ಅಂಗಡಿಯ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಕೊಟ್ಟಾಗ ಐದು ನಿಮಿಷವಾದರೂ ಒಂದು ಗುಳ್ಳೆಯೂ ಏಳಲಿಲ್ಲ. ಅಂಗಡಿಯ ಹುಡುಗ ಮುಖ ತಿರುಗಿಸಿ ನಕ್ಕ. ಮನೆಗೆ ತಂದು ಬಚ್ಚಲ ಹಂಡೆಯ ಕುದಿನೀರಿನಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದಲೇ ಒತ್ತಿದೆ. ಲೋಹ ಹಿಗ್ಗಿದೊಡನೆ ಗುಳ್ಳೆಗಳು ಸಾಲುಗಟ್ಟಿ ಎದ್ದವು.

ದುಡ್ಡು ಉಳಿಸಲು ಗುಜರಿಯಿಂದ 2,500ಕ್ಕೆ ತಂದ ಕೂಲರಿನಿಂದಲೂ ಹಂಡೆಯಲ್ಲಿ ಗುಳ್ಳೆ ಬಂದದ್ದು ನನ್ನ ಎರಡನೆಯ ತಪ್ಪು. ಹೊಸದಕ್ಕೆ 9,000ದ ಹತ್ತಿರ ಆಯಿತು. ಡಬ್ಬಿಗೆ ಟೇಪು ಅಂಟಿಸಿ ಗುರುತು ಮಾಡಿ, ಎರಡು ಸಲ ಚಾಮುಂಡಿ ಬೆಟ್ಟ ಹತ್ತಿಸಿ, ಮಂಡ್ಯ–ಮೈಸೂರು ಓಡಾಟವೂ ಸೇರಿ ಈಗ 3,000 ಕಿಲೋಮೀಟರ್ ದಾಟಿದೆ. ನೀರು ಗುರುತಿನಲ್ಲೇ ಇದೆ. ಹೆಡ್ ಇಳಿಸೆಂದ ಹಿರಿಯರು ಕಳೆದ ತಿಂಗಳು ಇಂಥದೇ ಗಾಡಿಯೊಂದರ ಕೂಲರನ್ನು ಹಿಡಿದು ನಮ್ಮ ಮನೆಗೆ ಬಂದಿದ್ದರು. ಏನೂ ಕೇಳದೆ ಹಂಡೆಗೆ ಸೌದೆ ಹಾಕಿದೆ.