ಆಸ್ಟ್ರೇಲಿಯಾ ಕ್ಷಮೆ ಕೇಳಿದ ದಿನ: ನಮ್ಮ ದಾವಣಗೆರೆ ಶಾಲೆಯಲ್ಲಿ ಮಾಡಿಸುವುದು ಹೇಗೆ

ಆಸ್ಟ್ರೇಲಿಯಾ ಸರ್ಕಾರ ತನ್ನ ಮೂಲನಿವಾಸಿಗಳ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು. ಆ ದಿನಕ್ಕೆ ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆಯ ತಲೆಬಿಸಿಯಲ್ಲಿರುತ್ತಾರೆ, ಅವರನ್ನು ಬಿಟ್ಟುಬಿಡಿ. ಎಂಟು, ಒಂಬತ್ತನೇ ಕ್ಲಾಸಿನವರು ಸಾಕು. ಎರಡು ಪೀರಿಯಡ್ ಬೇಕು. ಗಣಿತದ ಮೇಷ್ಟ್ರ ಹತ್ತಿರ ಒಂದು ಪೀರಿಯಡ್ ಕೇಳಿ ಇಸ್ಕೊಳ್ಳಿ.

ಮೊದಲು ಕತೆ ಹೇಳಿ. ಅದು ಗೊತ್ತಿಲ್ಲದೆ ಕೈಗೆ ಬಣ್ಣ ಕೊಟ್ಟರೆ ಸುಮ್ನೆ ಡ್ರಾಯಿಂಗ್ ಕ್ಲಾಸ್ ಆಗುತ್ತದೆ. ಸುಮಾರು 1910ರಿಂದ 1970ರವರೆಗೆ ಅಲ್ಲಿನ ಸರ್ಕಾರಗಳು ಮೂಲನಿವಾಸಿಗಳ ಮಕ್ಕಳನ್ನು ಅಪ್ಪ ಅಮ್ಮನಿಂದ ಕಿತ್ತುಕೊಂಡು ಆಶ್ರಮಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸಿದವು. ಹತ್ತರಲ್ಲಿ ಒಂದು ಮಗುವಾದರೂ ಹೀಗೆ ಹೋಗಿದೆ, ಮೂರರಲ್ಲಿ ಒಂದು ಹೋಗಿದ್ದರೂ ಇರಬಹುದು ಅಂತ 1997ರ ವಿಚಾರಣಾ ವರದಿ ಹೇಳಿತು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಬೇಡಿ. ಹಾಜರಿ ಪುಸ್ತಕ ತೆಗೆದು ಪ್ರತಿ ಹತ್ತನೇ ಹೆಸರು ಕೂಗಿ ಆ ಮಕ್ಕಳನ್ನು ವರಾಂಡಕ್ಕೆ ಕಳಿಸಿ, ಆಮೇಲೆ ಪ್ರತಿ ಮೂರನೇ ಹೆಸರು ಕೂಗಿ. ಒಳಗೆ ಉಳಿದವರು ಖಾಲಿ ಬೆಂಚು ನೋಡಿಕೊಂಡು ಒಂದು ನಿಮಿಷ ಕೂರಲಿ. (ಅಪ್ಪ ಅಮ್ಮ ಇಲ್ಲದ ಮಗು ಕ್ಲಾಸಿನಲ್ಲಿದ್ದರೆ ಈ ಆಟ ಬೇಡವೇ ಬೇಡ.)

ಆಮೇಲೆ 2008ಕ್ಕೆ ಬನ್ನಿ. ಹಿಂದಿನ ಪ್ರಧಾನಿ ಜಾನ್ ಹೊವಾರ್ಡ್ ಸರ್ಕಾರದ ಪರವಾಗಿ ಕ್ಷಮೆ ಕೇಳಲು ಒಪ್ಪಿರಲಿಲ್ಲ. ಹೊಸ ಪ್ರಧಾನಿ ಕೆವಿನ್ ರಡ್ ಸಂಸತ್ತು ಶುರುವಾದ ಮರುದಿನವೇ, ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮೊದಲು ಎದ್ದು ನಿಂತು ಕ್ಷಮೆ ಕೇಳಿದರು. ಪರಿಹಾರದ ದುಡ್ಡು ಮಾತ್ರ ಅದರ ಜೊತೆ ಬರಲಿಲ್ಲ. ಇದನ್ನೂ ಹೇಳಿ, ಮಕ್ಕಳು ಅದನ್ನೇ ಮೊದಲು ಕೇಳುತ್ತಾರೆ.

ಈಗ ಕೈಗಳು. 1997ರಲ್ಲಿ ಕ್ಯಾನ್‌ಬೆರಾದ ಸಂಸತ್ ಭವನದ ಮುಂದೆ ಮೂಲನಿವಾಸಿಗಳ ಪರವಾಗಿ ಜನ ಕೈಯ ಆಕಾರದಲ್ಲಿ ಕತ್ತರಿಸಿದ ಸಾವಿರಾರು ಬಣ್ಣದ ತುಂಡುಗಳನ್ನು ನೆಲದಲ್ಲಿ ನೆಟ್ಟಿದ್ದರು. ನಮಗೆ ರಟ್ಟಿನ ಕೈ ಸಾಕು. ಮೂಲನಿವಾಸಿಗಳ ಬಾವುಟದ ಕಪ್ಪು, ಕೆಂಪು, ಹಳದಿ ಬಣ್ಣ ಬಳಿಯಿರಿ. ಪೊರಕೆ ಕಡ್ಡಿಗೆ ಅಂಟಿಸಿದರೆ ಗಾಳಿಗೆ ಬಾಗುತ್ತದೆ, ಮೆಕ್ಕೆಜೋಳದ ದಂಟು ಗಟ್ಟಿ, ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ. ಪ್ರತಿ ಕೈ ಮೇಲೆ ಒಂದೇ ಸಾಲು ಬರೆಸಿ, ಬರೀ 'ಸಾರಿ' ಅಂತ ಬರೆದರೆ ವಾಪಸ್ ಕೊಡಿ. ಯಾಕೆ ಸಾರಿ ಅಂತ ಬರೆಯದಿದ್ದರೆ ಅದು ಬಸ್ಸಿನಲ್ಲಿ ಕಾಲು ತುಳಿದವರು ಹೇಳುವ ಸಾರಿ, ಅಲ್ವಾ?

ಮೂಲನಿವಾಸಿಗಳ ವೇಷ ಅಂತ ಮುಖಕ್ಕೆ ಬಿಳಿ ಚುಕ್ಕೆ ಇಟ್ಟು ಕುಣಿಸುವುದು, ಸಿಹಿ ಹಂಚುವುದು ಯಾವುದೂ ಬೇಡ.

ದೂರದ ದೇಶದ ಮಾತು ಅಂತ ಮುಗಿಸಬೇಡಿ. ಎರಡು ದಿನ ಬಿಟ್ಟರೆ ಸೂರಗೊಂಡನಕೊಪ್ಪದಲ್ಲಿ ಬಂಜಾರರ ಗುರು ಸೇವಾಲಾಲ್ ಜಯಂತಿ, ತಾಂಡಾದ ಮಕ್ಕಳು ಅಲ್ಲಿರುತ್ತಾರೆ. ಬ್ರಿಟಿಷರು 1871ರಲ್ಲಿ ತಂದ ಕಾನೂನು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂದಿತ್ತು, ಕೆಲವು ಕಡೆ ಬಂಜಾರರೂ ಆ ಪಟ್ಟಿಯಲ್ಲಿದ್ದರು. ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಇಡಲು ಆಮೇಲೆ ಅದರಲ್ಲೇ ಅವಕಾಶ ಮಾಡಿಕೊಂಡರು. ಆ ಹಣೆಪಟ್ಟಿ ಹೋಗಿದ್ದು 1952ರ ಆಗಸ್ಟ್ 31ಕ್ಕೆ. ಇದನ್ನು ನೀವೇ ಹೇಳಿ. 'ನೀನು ತಾಂಡಾದವನಲ್ವಾ, ಎದ್ದು ಹೇಳು' ಅಂತ ಯಾವ ಮಗುವನ್ನೂ ಎಬ್ಬಿಸಬೇಡಿ.

ಕೊನೆಗೊಂದು ಮಾತು, ಸಂಜೆ ಲಾಂಗ್ ಬೆಲ್ ಹೊಡೆಯುವ ಮೊದಲೇ ಕೈಗಳನ್ನು ಕಿತ್ತು ಒಳಗಿಡಿ. ಮೊದಲ ವರ್ಷ ನಾವು ಮೈದಾನದಲ್ಲೇ ಬಿಟ್ಟು ಹೋಗಿದ್ದೆವು. ಬೆಳಿಗ್ಗೆ ಬಂದರೆ ದನ ದಂಟಿನ ಜೊತೆ ರಟ್ಟನ್ನೂ ಮೇಯ್ದಿದ್ದವು.